ಪಟೇಲರ ಹೊಲ ಸೇರಿದ ನನ್ನ ತಿಪ್ಪೆ

ಆ ತಿಪ್ಪೆ ನನ್ನದು. ಇವತ್ತಿಗೂ ಹೇಳುತ್ತೇನೆ, ನನ್ನದು. ದುದ್ದದ ಕಡೆಯಿಂದ ಹಳೇಕೋಟೆ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಮೊದಲ ವರ್ಷ ಅದನ್ನು ಕೂಡಿಹಾಕಿದವಳು ನಾನು. ಗಂಡ ಹಾಸನದಲ್ಲಿ ಕೂಲಿಗಿದ್ದ. ಮನೆಯಲ್ಲಿ ನಾನು, ಮಾವ. ಕೇರಿಯ ಹಿಂದೆ ಅರ್ಧ ಎಕರೆ ಕಲ್ಲು ನೆಲವಿತ್ತು; ದನ ಒಂದೂ ಇರಲಿಲ್ಲ. ಗೊಬ್ಬರ ಕಾಣದ ಆ ನೆಲದಲ್ಲಿ ರಾಗಿ ಗೇಣುದ್ದ ಎದ್ದು ನಿಂತುಬಿಡುತ್ತಿತ್ತು. ಹೊಳೆನರಸೀಪುರದ ಸಂತೆಗೆ ಗಾಡಿಗಳು ಹೋಗುವ ದಿನ ಮಂಕರಿ ಹೊತ್ತು ದಾರಿಯುದ್ದಕ್ಕೂ ಸಗಣಿ ಬಾಚಿದೆ. ಆಡಿನ ಹಿಕ್ಕೆಯನ್ನೂ ಬಿಡಲಿಲ್ಲ. ಎಲ್ಲವನ್ನೂ ಗುಂಡಿಗೆ ಹಾಕಿ ವರ್ಷವಿಡೀ ಕೊಳೆಸಿದೆ.

ಮುಂಗಾರಿಗೆ ಮುಂಚೆ ಪಟೇಲರ ಆಳು ಗಾಡಿ ಹೊಡೆದುಕೊಂಡು ಬಂದ.

"ದಾರೀಲಿ ಬಿದ್ದಿದ್ದೆಲ್ಲಾ ಪಟೇಲ್ರ ಮನೇದೇಯ. ಊರ ಪದ್ಧತಿ ಗೊತ್ತಿಲ್ವೇನಮ್ಮಿ?"

"ಯಾವ ಪದ್ಧತಿಲಾ? ಬಾಚ್ದೋಳು ನಾನು! ಸಗಣಿ ಮ್ಯಾಲೆ ಅವ್ರ ಎಸ್ರು ಬರ್ದೈತಾ?" ಎಂದು ಗುಂಡಿಗೆ ಅಡ್ಡ ನಿಂತೆ.

ಮಾವ ಓಡಿ ಬಂದರು. ಆಳಿಗೆ ಬೈಯುತ್ತಾರೆ ಅಂದುಕೊಂಡರೆ ನನ್ನ ರಟ್ಟೆ ಹಿಡಿದು ಎಳೆದರು. "ಸುಮ್ಕಿರಮ್ಮಿ, ದೊಡ್ಡೋರ ತಂಟೆ ಯಾಕೆ?" ಅಷ್ಟಕ್ಕೇ ಬಿಟ್ಟರಾ? ಗುದ್ದಲಿ ತಂದು ತಾವೇ ಗಾಡಿಗೆ ತುಂಬಿಸಿದರು! ಥೂ, ನನ್ನ ಮೈಯೆಲ್ಲ ಉರಿದುಹೋಯಿತು. ಆ ವರ್ಷವೂ ನಮ್ಮ ರಾಗಿ ಗೇಣುದ್ದವೇ.

ಪಟೇಲರ ಹೊಲದಲ್ಲಿ ರಾಗಿ ಸೊಂಟ ಮುಟ್ಟಿತು. ಅದರ ನಡುನಡುವೆ ಸಿಹಿಗುಂಬಳದ ಬಳ್ಳಿಗಳೂ ಹಬ್ಬಿದವು. ಅವನ್ನು ಯಾರೂ ಬಿತ್ತಿರಲಿಲ್ಲ. ತವರಿಂದ ತಂದ ಕಾಯಿ ಹೆಚ್ಚಿ, ಬೀಜವನ್ನು ತಿಪ್ಪೆಗೆ ಎಸೆದಿದ್ದವಳು ನಾನು. ನಮ್ಮ ಕೈಯ ನೀರು ಕುಡಿಯದ ಮನೆಯವರು ನಮ್ಮ ಅಡುಗೆಯ ಕಸದಲ್ಲಿ ಹುಟ್ಟಿದ್ದನ್ನು ಪಲ್ಯ ಮಾಡಿಕೊಂಡು ಉಂಡರು!

ಮಾವ ಅವರ ಹೊಲಕ್ಕೆ ಕೊಯ್ಲಿಗೆ ಹೋದ ದಿನ ಪಟೇಲರ ಹೆಂಡತಿ ಒಂದು ಕಾಯನ್ನು ಮೈ ತಾಕದ ಹಾಗೆ, ಮೇಲಿಂದ ಮಾವನ ಟವಲಿಗೆ ಬಿಟ್ಟರು. ಮಾವ ಕೈಮುಗಿದು ತಂದರು. ಹಲ್ಲು ಕಚ್ಚಿಕೊಂಡು ಸಾರು ಮಾಡಿದೆ. ಅವರು ಮುದ್ದೆ ಮುರಿದು, ಅದ್ದಿ, ನುಂಗಿ, ಕಣ್ಣರಳಿಸಿದರು.

"ಪಟೇಲ್ರ ಒಲದ್ದು ಅಂದ್ರೆ ರುಚಿನೇ ಬ್ಯಾರೆ ಕಣಮ್ಮಿ."

"ಅದು ನನ್ ತಿಪ್ಪೇದು ಮಾವಾ," ಅಂದೆ.

ಮಾವ ಇನ್ನೊಂದು ಸೌಟು ಹಾಕು ಎಂದು ತಟ್ಟೆಯನ್ನು ಮುಂದೆ ತಳ್ಳಿದರು.