ಅವ್ವನ ಕೋಣೆಗೆ ತಂದ ಪುಸ್ತಕಗಳು

ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಸೊಲ್ಲಾಪುರದ ಡಾಕ್ಟರು ಅವ್ವನನ್ನು ಕಳಿಸಿದ ವಾರ, ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ನೋಡಲು ಬಂದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮದು ಇಂಡಿಗೆ ಹತ್ತಿರದ ಹಳ್ಳಿ. ನಾನು ಸಿಂದಗಿಯಲ್ಲಿ ಶಿಕ್ಷಕರ ತರಬೇತಿಗೆ ಸೇರಿದ್ದೆ, ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅವ್ವನ ಎದೆಯ ಗಂಟು ಒಡೆದು ಹುಣ್ಣಾಗಿತ್ತು. ಹುಣ್ಣಿಗೆ ವಾಸನೆ ಇತ್ತು.

ನಮ್ಮ ಕಡೆ ತಲೆಯ ಮೇಲೆ ಸೆರಗಿಲ್ಲದೆ ಹೆಂಗಸರು ಇನ್ನೊಬ್ಬರ ಮನೆಗೆ ಹೋಗುವುದಿಲ್ಲ. ಹಣೆಯ ಮೇಲಿನ ಅಂಚು ಮೂಗಿನವರೆಗೆ ಇಳಿಯಲು ಒಂದು ಬೆರಳು ಸಾಕು. ನೋಡಿದವರಿಗೆ ಅದು ಮರ್ಯಾದೆಗೆ ಎಳೆದುಕೊಂಡಂತೆಯೇ ಕಾಣುತ್ತದೆ. ಬಂದವರೆಲ್ಲ ಹಾಗೇ ಎಳೆದುಕೊಂಡರು, ಎರಡು ಮಾತಾಡಿದರು, ಚಹಾ ಬೇಡವೆಂದು ಎದ್ದರು. ಪಕ್ಕದ ಮನೆಯವಳನ್ನು ಅವ್ವ ಅತ್ತಿಗೆಯೆಂಬ ಸಲುಗೆಯಿಂದ ವೈನಿ ಎಂದು ಕರೆಯುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಸಂಜೆಯ ಎಲೆ ಅಡಿಕೆ ಒಟ್ಟಿಗೇ ಹಾಕಿದವರು. ಆ ವೈನಿಯ ಕೈಯೂ ಸೆರಗಿಗೆ ಹೋಯಿತು.

ಆ ಸಂಜೆ ಅವ್ವ ನನ್ನನ್ನು ಹತ್ತಿರ ಕರೆದಳು.

"ಇನ್ನ ಯಾರನ್ನೂ ಒಳಗ ಬಿಡಬ್ಯಾಡ. ಸಾಯೂದಕ್ಕ ನಂಗ ಅಂಜಿಕಿ ಇಲ್ಲ. ನನ್ನ ಮುಂದ ಕುಂತು ಮೂಗ ಮುಚ್ಚಿಕೊಳ್ಳೂದು ನೋಡಾಕ ಆಗವಲ್ದು."

ಅಂದಿನಿಂದ ಕೋಣೆಯ ಬಾಗಿಲು ಮುಚ್ಚಿತು. ವೈನಿ ದಿನಾ ಬಂದು ಪಡಸಾಲೆಯಲ್ಲೇ ನಿಂತು "ಹ್ಯಾಂಗ ಅದಾಳ?" ಎಂದು ಕೇಳಿ ಹೋಗುತ್ತಿದ್ದಳು. ಮಂದಿಯ ನಡುವೆಯೇ ಬಾಳಿದ ಹೆಂಗಸು ಒಳಗೆ ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಅವ್ವನಿಗೆ ಉಳಿದದ್ದು ಕೆಲವೇ ತಿಂಗಳು. ಅವು ಹೀಗೇ ಕಳೆಯಬೇಕೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಸುವಾಸನೆಯ ಎಣ್ಣೆಗಳಿಂದ ಚಿಕಿತ್ಸೆ ಮಾಡುವ ವಿದ್ಯೆಯೊಂದಿದೆ ಎಂದು ಯಾವುದೋ ಪುರವಣಿಯಲ್ಲಿ ಓದಿದ್ದು ನೆನಪಿತ್ತು. ಹುಣ್ಣು ಮಾಯಿಸುವುದು ನನ್ನಿಂದಾಗದು. ಕೋಣೆಯ ವಾಸನೆ ಬದಲಿಸುವುದು ಓದಿ ಕಲಿಯಬಹುದಾದ ಕೆಲಸ ಎಂದುಕೊಂಡೆ. ತಾರೀಖು ಹಾಕಿ ಬರೆದಿಡುವುದು ಆಗಲೇ ನನ್ನ ಚಟವಾಗಿತ್ತು. ಡೈರಿಯಲ್ಲಿ ಒಂದೊಂದು ಪುಸ್ತಕಕ್ಕೆ ಒಂದೊಂದು ಪುಟ ಬಿಟ್ಟು ಗೆರೆ ಎಳೆದು ಮೂರು ಅಂಕಣ ಮಾಡಿದೆ: ಯಾವ ಎಣ್ಣೆ, ನಮ್ಮಲ್ಲಿ ಸಿಗುತ್ತದೆಯೇ, ಹೇಗೆ ಬಳಸುವುದು.

ಇಂಡಿಯ ಗ್ರಂಥಾಲಯದಲ್ಲಿ ಮನೆಮದ್ದಿನ ಪುಸ್ತಕಗಳು ಬಹಳ ಇದ್ದವು. ಕೆಮ್ಮಿಗೆ, ಅಜೀರ್ಣಕ್ಕೆ, ಮಕ್ಕಳ ಹೊಟ್ಟೆಹುಳಕ್ಕೆ. ವಾಸನೆಯ ಮಾತು ಯಾವುದರಲ್ಲೂ ಇರಲಿಲ್ಲ. ಸಿಂದಗಿಯ ಬಸ್ ನಿಲ್ದಾಣದ ಅಂಗಡಿಯಲ್ಲಿ, ಹೂವು ಮೂಸುತ್ತಿರುವ ಹೆಣ್ಣಿನ ಚಿತ್ರದ ತೆಳು ಪುಸ್ತಕವೊಂದು ಸಿಕ್ಕಿತು. ಬಸ್ಸಿನಲ್ಲೇ ಓದಿ ಮುಗಿಸಿದೆ. ರೋಗಿಯ ಕೋಣೆಯ ಬೇಸರ ಕಳೆಯಲು ಲಿಂಬೆಗಿಂತ ಉತ್ತಮ ಇನ್ನೊಂದಿಲ್ಲ ಎಂದಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಎರಡನೆಯ ಅಂಕಣದಲ್ಲಿ 'ಬೇಕಾದಷ್ಟು ಸಿಗುತ್ತದೆ' ಎಂದು ಬರೆದೆ. ಸುತ್ತಲೂ ಲಿಂಬೆಯ ತೋಟಗಳೇ. ನೋಡಲು ಬಂದವರು ಕೈಗಿಟ್ಟು ಹೋದ ಲಿಂಬೆಹಣ್ಣುಗಳೇ ಗೋಡೆಯ ಗೂಡಿನಲ್ಲಿ ಸಾಲಾಗಿದ್ದವು. ಸಿಪ್ಪೆ ಸುಲಿದು ಬಿಸಿನೀರಿನ ಬೋಗುಣಿಗೆ ಹಾಕಿ ಅವ್ವನ ತಲೆದೆಸೆಯಲ್ಲಿಟ್ಟೆ.

ಅವ್ವ ಕಣ್ಣು ತೆರೆದಳು. "ಏನಿಟ್ಟಿ ಇದು?"

"ಲಿಂಬಿ ಸಿಪ್ಪಿ ಬೇ. ಮನಸ್ಸಿಗೆ ಹಗುರಾಗತೈತಿ ಅಂತ ಪುಸ್ತಕದಾಗ ಬರದಾರ."

"ಬರದಾಂವ ಇಂಡಿಗೆ ಬಂದಿಲ್ಲ ಬಿಡು. ಬಂದಿದ್ರ ಲಿಂಬಿ ಹೆಸರ ಎತ್ತತಿದ್ದಿಲ್ಲ. ಎತ್ತು ಅದನ್ನ."

ಆಗ ನನಗೆ ಹೊಳೆಯಿತು. ನಾನು ಹುಟ್ಟುವ ಮೊದಲಿನಿಂದಲೂ ಅವ್ವ ಅವರಿವರ ತೋಟಗಳಲ್ಲಿ ಕೂಲಿಗೆ ಕುಳಿತು ಲಿಂಬೆ ಆರಿಸಿದವಳು. ರಾಶಿಯೊಳಗೆ ಕೊಳೆತದ್ದು ಎಲ್ಲಿದೆ ಎಂದು ಮೂಗಿನಿಂದಲೇ ಪತ್ತೆ ಹಚ್ಚಿ ತೆಗೆದು ಎಸೆಯುವುದು ಅವಳ ಕೆಲಸ. ಆ ವಾಸನೆ ಬಂದರೆ ಅವಳಿಗೆ ಬಿಸಿಲು, ಬೆನ್ನುನೋವು, ಬೆರಳ ಸೀಳುಗಳಲ್ಲಿ ಇಳಿದ ಹುಳಿ. ಬೋಗುಣಿಯನ್ನು ಹಿತ್ತಲಿಗೆ ಚೆಲ್ಲಿ ಬಂದೆ.

ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ, ಕೊಳೆಯುವ ಹುಣ್ಣಿಗೆ ಲವಂಗದ ಎಣ್ಣೆ ಸುರಿದರೆ ಒಣಗಿ ವಾಸನೆ ನಿಲ್ಲುತ್ತದೆ ಎಂದಿತ್ತು. ಅದನ್ನು ಅವ್ವನಿಗೆ ಓದಿ ಹೇಳಿದೆ. ಅವಳ ಮುಖ ಬೇರೆಯಾಯಿತು.

"ಉರಿತೈತಿ ಏನ?"

"ಉರೀಬಹುದು."

"ಉರೀಲಿ. ತಂದು ಹಚ್ಚು."

ಎಣ್ಣೆ ತಂದೆ. ಸೀಸೆಯ ಬಿರಡೆ ತೆಗೆಯಲು ಧೈರ್ಯ ಬರಲಿಲ್ಲ. ಮುದ್ದೇಬಿಹಾಳದಲ್ಲಿ ನನ್ನ ಸೋದರಮಾವ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಪುಣೆಯ ಹಳೇ ಪುಸ್ತಕದ ಬೀದಿಯಿಂದ ಹೊತ್ತು ತಂದ ಪುಸ್ತಕಗಳು ಅವನ ಮನೆಯ ಅಟ್ಟದ ತುಂಬ ಇದ್ದವು. ಭಾನುವಾರ ಅಲ್ಲಿಗೆ ಹೋದೆ. ಇಬ್ಬರೂ ಧೂಳು ಕೊಡವಿ ಹುಡುಕಿದೆವು. ಸುವಾಸನೆಯ ಎಣ್ಣೆಗಳದೇ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಮಾವ ಓದಿ ಅರ್ಥ ಹೇಳಿದ, ನಾನು ಬರೆದುಕೊಂಡೆ.

"ಇದರಾಗಿನ ಹೂವು ನಮ್ಮ ಬಿಸಲಾಗ ಹುಟ್ಟಂಗಿಲ್ಲವಾ" ಎಂದು ನಗುತ್ತಿದ್ದವನು ಮೊದಲ ಅಧ್ಯಾಯದಲ್ಲೇ ನಿಂತ. ಒಡೆದ ಗಾಯದ ಮೇಲೆ ಯಾವ ಎಣ್ಣೆಯನ್ನೂ ಹಾಕಬಾರದು, ಲವಂಗದ ಎಣ್ಣೆ ಸುಡುತ್ತದೆ ಎಂದಿತ್ತು.

ಎರಡು ಪುಸ್ತಕ, ಎರಡು ಮಾತು. ದಪ್ಪಗಿರುವುದೆಲ್ಲ ನಿಜವೆಂದೇನೂ ಅಲ್ಲ. ಮರಳುವ ಬಸ್ಸಿನಲ್ಲಿ ತೆಳು ಪುಸ್ತಕವನ್ನು ಮತ್ತೆ ಮೊದಲಿನಿಂದ ತಿರುವಿದೆ. ಮಾಡು, ಹಚ್ಚು, ಕುಡಿ ಎಂಬುದೇ ಎಲ್ಲ ಪುಟಗಳಲ್ಲೂ. ಬೇಡ ಎಂಬ ಮಾತು ಒಂದು ಕಡೆಯೂ ಇರಲಿಲ್ಲ. ಡೈರಿಯಲ್ಲಿ ನಾಲ್ಕನೆಯ ಅಂಕಣ ಎಳೆದು 'ಏನು ಮಾಡಬಾರದು' ಎಂದು ಬರೆದೆ. ಅದು ಖಾಲಿ ಉಳಿದ ಪುಸ್ತಕವನ್ನು ಬಿಟ್ಟುಬಿಡುವುದೆಂದು ತೀರ್ಮಾನಿಸಿದೆ.

ಎಣ್ಣೆ ಹಚ್ಚುವುದಿಲ್ಲವೆಂದು ಅವ್ವನಿಗೆ ಹೇಳಿದಾಗ ಅವಳು ಗೋಡೆಗೆ ತಿರುಗಿದಳು. "ನಿನ್ನ ಪುಸ್ತಕ ಓದೂದು ಮುಗಿಯೂದ್ರಾಗ ನಾ ಮುಗದಿರ್ತೇನಿ."

ಮರುದಿನ ಬಸವನ ಬಾಗೇವಾಡಿಗೆ ಹೋದೆ. ಅಪ್ಪನ ತಂಗಿ ಅಲ್ಲಿ ನರ್ಸ್ ಆಗಿದ್ದಳು. ನನ್ನ ಅಂಕಣಗಳನ್ನು ನೋಡಿ ಅತ್ತೆ ತಲೆ ಚಚ್ಚಿಕೊಂಡಳು.

"ಇಷ್ಟ ಊರ ತಿರುಗಿ ಕಡೀಕ ಬಂದೀ ಏನ? ಮದಲ ನನ್ನ ಕೇಳಬಾರ್ದೇನ, ಹುಚ್ಚಿ?"

ಅವಳ ತರಬೇತಿಯ ಕಾಲದ ಪುಸ್ತಕಕ್ಕೆ ರಟ್ಟೇ ಇರಲಿಲ್ಲ. ಅದು ಸುವಾಸನೆಯ ಪುಸ್ತಕವಲ್ಲ, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಪುಸ್ತಕ. ವಾಸನೆಗೆ ಒಂದೂವರೆ ಪುಟ ಮಾತ್ರ ಇತ್ತು. ಕಾಯಿಸಿ ಆರಿಸಿದ ಉಪ್ಪುನೀರಿನಿಂದ ಗಾಯ ತೊಳೆಯಬೇಕು, ಅದಕ್ಕೆ ಕಟ್ಟಿದ ಬಟ್ಟೆ ಬೇಗಬೇಗ ಬದಲಿಸಬೇಕು, ಮಂಚದ ಕೆಳಗೆ ಬುಟ್ಟಿಯಲ್ಲಿ ಇದ್ದಿಲು ಇಡಬೇಕು. ದುರ್ವಾಸನೆಯ ಮೇಲೆ ಜೋರು ಸುವಾಸನೆ ಹಾಕಿದರೆ ರೋಗಿಗೆ ಇನ್ನಷ್ಟು ಹೇಸಿಗೆ. ಇಡುವುದೇ ಆದರೆ ಬಾಗಿಲ ಬಳಿ ಇಡಿ. ಯಾವುದು ಬೇಕೆಂದು ರೋಗಿಯನ್ನು ಕೇಳಿ. ನನ್ನ ನಾಲ್ಕೂ ಅಂಕಣಗಳು ತುಂಬಿದವು. ಅವ್ವನನ್ನು ಕೇಳುವುದು ಅಲ್ಲಿಯವರೆಗೆ ನನಗೆ ತೋಚಿಯೇ ಇರಲಿಲ್ಲ. ಗಾಯದ ಮೇಲೆ ಉದುರಿಸುವ ಪುಡಿಯನ್ನು ಡಾಕ್ಟರರಿಂದ ಬರೆಸಿಕೊಂಡು ಅತ್ತೆ ನನ್ನ ಜೊತೆಗೇ ಬಂದಳು. ತೊಳೆಯುವುದನ್ನು ಕೈ ಹಿಡಿದು ಕಲಿಸಿ ಹೋದಳು.

ವಾರ ಕಳೆಯುವಷ್ಟರಲ್ಲಿ ವಾಸನೆ ಅರ್ಧಕ್ಕರ್ಧ ಇಳಿಯಿತು. ಪೂರ್ತಿ ಹೋಗಲಿಲ್ಲ. ಒಂದು ಮಧ್ಯಾಹ್ನ ಬಟ್ಟೆ ಬದಲಿಸಿ ಕೇಳಿದೆ, "ಯಾವ ವಾಸನಿ ಬೇಕು ಬೇ ನಿನಗ?"

ಅವ್ವ ಗೋಡೆಯಿಂದ ಈಚೆ ತಿರುಗಿದಳು. "ಅಗಸಿ ಹುರೀತಾರಲಾ, ಅದು."

ಅಗಸೆಯ ಚಟ್ನಿಪುಡಿ ನಮ್ಮಲ್ಲಿ ಇಬ್ಬರ ಕೆಲಸ. ಒಬ್ಬರು ಹುರಿಯಬೇಕು, ಇನ್ನೊಬ್ಬರು ಕುಟ್ಟಬೇಕು. ಅವ್ವ ಯಾವಾಗಲೂ ವೈನಿಯ ಜೊತೆಗೇ ಮಾಡುತ್ತಿದ್ದಳು. ನನ್ನಿಂದ ಹದ ಬಾರದು. ಹೋಗಿ ವೈನಿಗೆ ಹೇಳಿದೆ. ಅವಳು ಒಳಕಲ್ಲಿನಲ್ಲಿ ಕುಟ್ಟುವ ಹಾರೆಯನ್ನು ಹೆಗಲಿಗಿಟ್ಟುಕೊಂಡೇ ಬಂದು ಹೊಸ್ತಿಲಲ್ಲಿ ನಿಂತಳು.

"ನಾ ಬರಲ್ಯಾ ಒಳಗ, ಇಲ್ಲಾ ಹೊರಗ ಕುಟ್ಟಿ ಹೋಗಲ್ಯಾ?"

ಅವ್ವ ಬೇಡ ಎನ್ನಲಿಲ್ಲ. ಕೋಣೆಯ ಬಾಗಿಲಲ್ಲೇ ಇದ್ದಿಲ ಶೆಗಡಿ ಇಟ್ಟು ಹಂಚು ಏರಿಸಿದೆವು. ಅಗಸೆ ಚಟಪಟ ಸಿಡಿಯಿತು. ಎಣ್ಣೆಯಂಥ, ಕಾಳು ಕಂದಿದಂಥ ಆ ಕಂಪು ಮಂಚದವರೆಗೆ ಹೋಯಿತು. ಅವ್ವ ಕಣ್ಣು ಮುಚ್ಚಿ ಉಸಿರೆಳೆದಳು. ಅಗಸೆ ಇಳಿಸಿ ವೈನಿ ಅದೇ ಹಂಚಿಗೆ ಒಣಮೆಣಸಿನಕಾಯಿ ಹಾಕಿದಳು. ಘಾಟು ಎದ್ದಿತು. ವೈನಿ ಕೆಮ್ಮುತ್ತ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಒತ್ತಿಕೊಂಡವಳು ಅವ್ವನತ್ತ ನೋಡಿ ಹಾಗೇ ಕಲ್ಲಾದಳು. ಕೈ ಇಳಿಸಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಹರಿಯುತ್ತಿತ್ತು.

ಅವ್ವ ಎರಡು ಸಲ ಸೀನಿದಳು. ನಿಧಾನವಾಗಿ ತನ್ನ ಸೆರಗನ್ನೂ ಎತ್ತಿ ಮೂಗಿಗೆ ಹಿಡಿದಳು.

"ಮುಚ್ಚಿಕೋ ವೈನಿ. ಇವತ್ತ ನಾನೂ ಮುಚ್ಚಿಕೊಂಡೇನಿ. ಸುಟ್ಟ ಕರಿ ಮಾಡಿದೆಲ್ಲ ಮೆಣಸಿನಕಾಯಿ! ನಿಮ್ಮ ಅತ್ತಿ ಸುಮ್ನ ಬೈತಿದ್ದಿಲ್ಲ ನಿನಗ."

"ನಿನ್ನ ಕಡೆ ನೋಡಕೋತ ಕುಂತ್ರ ಕರಿ ಆಗದ ಏನಾಗತಾವಬೇ? ಇಷ್ಟ ದಿನಾ ಬಾಗಿಲಾ ಹಾಕ್ಕೊಂಡು ಕುಂತಿದ್ದೆಲ್ಲ, ರಾಣಿ!" ಎಂದಳು ವೈನಿ. ಅಳುವುದಕ್ಕೆ ಘಾಟಿನ ನೆಪವಿತ್ತು. ಮೂವರೂ ಅತ್ತೆವು.

ಕುಟ್ಟುವುದು ಮುಗಿದ ಮೇಲೂ ವೈನಿ ಏಳಲಿಲ್ಲ. ಮಂಚದ ಅಂಚಿಗೆ ಕುಳಿತು, ಚಹಾ ಕುಡಿದು, ಓಣಿಯ ಸುದ್ದಿಯನ್ನೆಲ್ಲ ಒಪ್ಪಿಸಿದಳು. ಅಪ್ಪ ಹೊಲದಿಂದ ಬಂದಾಗ ಅವ್ವ ದಿಂಬಿಗೆ ಒರಗಿ ಕುಳಿತಿದ್ದಳು. ಅವಳ ಬೆನ್ನಿಗೆ ಹುಟ್ಟಿದ ತಂಗಿ ಕನ್ನೊಳ್ಳಿಯಲ್ಲಿದ್ದಳು. ಬೇನೆಯ ಸುದ್ದಿ ಅವಳಿಗೆ ಮುಟ್ಟಬಾರದೆಂದು ಅವ್ವ ನಮ್ಮಿಂದ ಮಾತು ತೆಗೆದುಕೊಂಡಿದ್ದಳು.

"ನಾಳಿ ಕನ್ನೊಳ್ಳಿಗೆ ಹೇಳಿ ಕಳಸ್ರಿ" ಎಂದಳು ಅಪ್ಪನಿಗೆ. "ಹುಡುಗ್ರನ್ನೂ ಕರಕೊಂಡ ಬಾ ಅನ್ರಿ. ಎರಡು ದಿನಾ ಇರಾಕ ಬಾ ಅನ್ರಿ."