ದುಃಖ ಬಿಟ್ಟುಬರಲು ಹೊರಟವರು

ನನ್ನ ದೊಡ್ಡಮ್ಮನನ್ನು ಎಲ್ಲರೂ ಇಂದುಕ್ ಸಿರಾಯ್ ಎನ್ನುತ್ತಿದ್ದರು, ಅಂದರೆ ಸಿರಾಯ್‌ಳ ತಾಯಿ. ಜಂಬಿ ಸೀಮೆಯ ಕಾಡಿನಲ್ಲಿ ಅವಳಷ್ಟು ದಾರಿ ಬಲ್ಲವರು ನಮ್ಮ ರಿಂಬಾ ಜನರಲ್ಲಿ ಇನ್ನೊಬ್ಬರಿರಲಿಲ್ಲ. ಹೊಳೆಗಳ ಹೆಸರು ಹೇಳುತ್ತಾ ಮುಂದೆ ನಡೆಯುತ್ತಿದ್ದಳು. ಗಂಡಸರು ಅವಳನ್ನು ದಾಟಲು ನೋಡಿದರೆ, "ಹೋಗಪ್ಪ ಹೋಗು, ಕರಡಿ ನಿಂಗೇ ಕಾಯ್ತಾ ಐತೆ" ಎನ್ನುತ್ತಿದ್ದಳು. ಬಾಯಿ ಜೋರು. ನನಗೂ ಅದೇ ಬಾಯಿ ಬಂದಿದೆ ಎನ್ನುತ್ತಾರೆ. ಬಂದರೆ ಬರಲಿ.

ನಮ್ಮಲ್ಲಿ ಯಾರಾದರೂ ಸತ್ತರೆ ಆ ಜಾಗ ಬಿಡಬೇಕು. ಹೆಣವನ್ನು ಮರಗಳ ನಡುವೆ ಅಟ್ಟಣೆಯ ಮೇಲೆ ಮಲಗಿಸಿ, ಎಲೆ ಹೊದಿಸಿ, ಅಳುತ್ತಾ ಹೊರಟುಬಿಡುತ್ತೇವೆ. ಅಳು ಬತ್ತುವ ತನಕ ತಿಂಗಳುಗಟ್ಟಲೆ ನಡಿಗೆ, ಕೆಲವೊಮ್ಮೆ ವರ್ಷಗಟ್ಟಲೆ. ಇದೇ ಮೆಲಾಂಗುನ್. ಅಲ್ಲೇ ಉಳಿದರೆ ಸತ್ತವರು ತಮ್ಮ ಜೊತೆಗೆ ಕರೆಯುತ್ತಾರೆ. ಪಟ್ಟಣದವರು ಇದನ್ನು ಕೇಳಿ ನಗುತ್ತಾರೆ. ಅವರನ್ನು ಯಾರೂ ಕರೆದಿಲ್ಲವೇನೋ.

ಆ ವರ್ಷ ಮಳೆ ಬರಲಿಲ್ಲ. ತಾಳೆ ಎಣ್ಣೆ ಕಂಪನಿಯವರು ನೀರು ಬಸಿದು ಒಣಗಿಸಿದ್ದ ಜವುಗು ನೆಲಕ್ಕೆ ಬೆಂಕಿ ಬಿದ್ದು, ಎರಡು ತಿಂಗಳು ಬರೀ ಹೊಗೆ. ಸಿರಾಯ್‌ಳ ಮೂರು ವರ್ಷದ ಮಗ ಕೆಮ್ಮಿ ಕೆಮ್ಮಿ ಒಂದು ಮಧ್ಯಾಹ್ನ ಸುಮ್ಮನಾದ. ಹೊಳೆಯ ಪಕ್ಕ ಉಳಿದಿದ್ದ ನಾಲ್ಕು ಮರಗಳ ನಡುವೆ ಅವನನ್ನು ಮಲಗಿಸಿದೆವು. ಸಿರಾಯ್ ಅನ್ನ ನೀರು ಬಿಟ್ಟು ಅಟ್ಟಣೆಯ ಕಂಬ ಹಿಡಿದು ಕೂತಳು. ದೊಡ್ಡಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಏಳು ಮಗಳೇ. ಅವನ ದನಿ ಕೇಳದಷ್ಟು ದೂರ ಕರ್ಕೊಂಡು ಹೋಗ್ತೀನಿ."

ಆರು ಜನ ಹೊರಟೆವು. ಕಾಡಿದ್ದಲ್ಲೆಲ್ಲ ಎಣ್ಣೆ ತಾಳೆ, ಸಾಲಿಗೆ ಸಾಲು, ಒಂದೇ ಎತ್ತರ. ಹೊಗೆಯಲ್ಲಿ ಸೂರ್ಯನೂ ಕಾಣುತ್ತಿರಲಿಲ್ಲ. ಹೊಳೆಗಳನ್ನು ಅಗೆದು ಕಾಲುವೆ ಮಾಡಿದ್ದರು. ದೊಡ್ಡಮ್ಮ ನೀರಿಗೆ ಕೈ ಅದ್ದಿ, ಮೂಸಿ, "ಇದ್ಯಾವ್ದು?" ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಒಲೆ ಹೂಡಿದಲ್ಲೆಲ್ಲ ತೋಟದ ಕಾವಲುಗಾರರು ಬಂದು ಎಬ್ಬಿಸುತ್ತಿದ್ದರು.

"ಯಾರಪ್ಪನ ಜಾಗ ಅಂತ ಕೂತಿದ್ದೀರಿ?" ಎಂದ ಒಬ್ಬ.

"ನಮ್ಮಪ್ಪಂದೇ ಕಣೋ," ಎಂದಳು ದೊಡ್ಡಮ್ಮ. "ನಿಮ್ಮಪ್ಪ ಯಾವಾಗ ಬಂದ?"

ಅವನು ಒಲೆಗೆ ನೀರು ಸುರಿದ. ನಾವು ಮತ್ತೆ ಗಂಟು ಹೊತ್ತೆವು.

ಆದರೂ ನಡೆದಷ್ಟೂ ಸಿರಾಯ್ ಚೇತರಿಸಿಕೊಳ್ಳುತ್ತಿದ್ದಳು. ಏಳನೆಯ ದಿನ ಅರ್ಧ ಗೆಣಸು ತಿಂದಳು. ಒಂಬತ್ತನೆಯ ದಿನ ಅವಳ ಗಂಡ ಗೆಂತಾರ್ ಕಾಲುವೆಗೆ ಜಾರಿ ಬಿದ್ದಾಗ, "ಮೀನು ಹಿಡಿಯೋ ಅಂದ್ರೆ ನೀನೇ ಮೀನಾಗ್ಬಿಟ್ಯಲ್ಲ" ಎಂದು ನಕ್ಕಳು. ದೊಡ್ಡಮ್ಮ ನನ್ನ ಕೈ ಹಿಂಡಿದಳು.

"ಇನ್ನು ಬದುಕ್ತಾಳೆ ಕಣೇ ಇವ್ಳು."

ಹನ್ನೊಂದನೆಯ ದಿನ ತಾಳೆಯ ಸಾಲಿನಾಚೆ ನಿಜವಾದ ಮರಗಳು ಮಬ್ಬಾಗಿ ಕಂಡವು. ದೊಡ್ಡಮ್ಮನ ಮುಖ ಅರಳಿತು. "ನಾನು ಹೇಳಿರ್ಲಿಲ್ವಾ? ಕಾಡು ಇನ್ನೂ ಐತೆ!" ಎನ್ನುತ್ತಾ ಮಗಳ ಕೈ ಹಿಡಿದು ಎಳೆದುಕೊಂಡು ಓಡಿದಳು.

ನಾಲ್ಕೇ ಮರ. ನಡುವೆ ಅಟ್ಟಣೆ.

ಹೊದಿಸಿದ ಎಲೆಗಳು ಬಾಡಿ ಸುರುಟಿಕೊಂಡಿದ್ದವು. ಸಿರಾಯ್ ಮೆಲ್ಲಗೆ ಹೋಗಿ ಅದೇ ಕಂಬದ ಬುಡದಲ್ಲಿ ಕೂತಳು. ಅವಳ ಮುಖದಲ್ಲಿ ನೆಮ್ಮದಿಯಿತ್ತು. ಆ ನೆಮ್ಮದಿ ನೆನೆದರೆ ಇವತ್ತಿಗೂ ನನಗೆ ಹೆದರಿಕೆಯಾಗುತ್ತದೆ.

"ಅವ್ನು ಕರೀತಾನೇ ಇದ್ದ ಅಮ್ಮ. ನಿಂಗೆ ಕೇಳ್ಲಿಲ್ವಾ?"

"ಏಳೇ, ಹೋಗೋಣ."

"ಎಲ್ಲಿಗೆ?"

ದೊಡ್ಡಮ್ಮ ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ಬಾಯಿ ತೆರೆದಳು, ಮಾತು ಬರಲಿಲ್ಲ. ಆ ಬಾಯಿ ಸೋತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸಿರಾಯ್ ಅಲ್ಲಿಂದ ಏಳಲೇ ಇಲ್ಲ. ಹದಿನೆಂಟನೆಯ ದಿನ ಮಗನ ಪಕ್ಕದಲ್ಲಿ ಇನ್ನೊಂದು ಅಟ್ಟಣೆ ಕಟ್ಟಿದೆವು. ಆಮೇಲೆ ಕಾಗದ ಹಿಡಿದು ಯಾರೋ ಬಂದರು, ಸಾವಿನ ಕಾರಣ ಜ್ವರ ಎಂದು ಬರೆದುಕೊಂಡರು. ಹೋಗಲು ಜಾಗವಿರಲಿಲ್ಲ ಎಂದು ಬರೆದುಕೊಳ್ಳಿ ಎಂದೆ. ಅದಕ್ಕೆ ಕಾಲಂ ಇಲ್ಲವಂತೆ.

ಪದ್ಧತಿಯಂತೆ ಮತ್ತೆ ಹೊರಡಬೇಕಿತ್ತು. ನಾವು ಗಂಟು ಹೊತ್ತು ದೊಡ್ಡಮ್ಮನ ಮುಖ ನೋಡುತ್ತಾ ನಿಂತೆವು. ಅವಳು ಕೂತಲ್ಲಿಂದ ಕದಲಲಿಲ್ಲ.

"ನೀವು ಹೋಗ್ರಪ್ಪ," ಎಂದಳು. "ನಾನು ಮುಂದೆ ನಡೆದ್ರೆ ನಿಮ್ಮನ್ನೂ ಇಲ್ಲಿಗೇ ತರ್ತೀನಿ."