ಜಗ್ಗಮ್ಮನ ನಂಬರು

ನನ್ನ ಅತ್ತೆಗೆ ಅವರ ಕಾರ್ಖಾನೆಯವರು ಇಟ್ಟ ಹೆಸರು ಜಗ್ಗಮ್ಮ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವರು ಚೆಕ್ಕರ್. ಹೊಲಿದು ಮುಗಿದ ಅಂಗಿ ಮೇಜಿಗೆ ಬಂದರೆ ತೋಳು, ಕಾಲರು, ಪಕ್ಕದ ಹೊಲಿಗೆ, ಎಲ್ಲವನ್ನೂ ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡುತ್ತಾರೆ. ಹೊಲಿಗೆ ಬಿಡದೆ ತಡೆದರೆ ಜೇಬಿನೊಳಗೆ ತಮ್ಮ ನಂಬರಿನ ಸಣ್ಣ ಚೀಟಿ ಹಾಕುತ್ತಾರೆ. ಆಮೇಲೆ ಆ ಅಂಗಿಯ ಬಗ್ಗೆ ಏನೇ ದೂರು ಬಂದರೂ ಹೊಲಿದವರನ್ನು ಯಾರೂ ಕೇಳುವುದಿಲ್ಲ, ನಂಬರು ಹಾಕಿದವರನ್ನೇ ಕೇಳುತ್ತಾರೆ. ಅದಕ್ಕೇ ಎಲ್ಲಾದರೂ ಅನುಮಾನ ಬಂದರೆ ನಾಲ್ಕು ಹೊಲಿಗೆ ಬಿಚ್ಚಿ ಒಳಗೆ ನೋಡಿಯೇ ಬಿಡುತ್ತಾರೆ. ಬಿಚ್ಚುವುದಕ್ಕೆಂದು ಬೆರಳುದ್ದದ ಒಂದು ಕತ್ತರಿ ದಾರದಲ್ಲಿ ಪೋಣಿಸಿ ಸದಾ ಕೊರಳಿಗೆ ಹಾಕಿಕೊಂಡಿರುತ್ತಾರೆ.

ಕಾರ್ಖಾನೆಯಲ್ಲಿ ಜಗ್ಗಿ, ಮನೆಗೆ ಬಂದು ಸುಮ್ಮನಿರುವ ಹೆಂಗಸಾಗಿದ್ದರೆ ನಾನು ಈ ಮಾತನ್ನೇ ಎತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಚೀಲ ಕೊಂಡರೆ ಹಿಡಿ ಜಗ್ಗುತ್ತಾರೆ. ಬಸ್ಸಿನಲ್ಲಿ ಕೂರುವ ಮುಂಚೆ ಸೀಟು ಅಲ್ಲಾಡಿಸುತ್ತಾರೆ. ಹಾಲಿನವನು ನಕ್ಕರೆ ಇವತ್ತು ನೀರು ಬೆರೆಸಿದ್ದಾನೆ, ನಗದಿದ್ದರೆ ನಿನ್ನೆ ಬೆರೆಸಿದ್ದು ನೆನಪಾಗಿದೆ. ಮೊಸರಲ್ಲಿ ಕಲ್ಲು ಹುಡುಕುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮ್ಮತ್ತೆ ಕಲ್ಲು ಸಿಗದಿದ್ದರೆ ಅದನ್ನು ಯಾರು ತೆಗೆದರು ಎಂದು ಹುಡುಕುತ್ತಾರೆ.

ನನ್ನ ಮಾತಿಗೂ ಅದೇ ಗತಿ. "ತಲೆನೋವು" ಅಂದರೆ "ಯಾವ ಕಡೆ?" ಎಂದು ಕೇಳುತ್ತಾರೆ. "ಎಡಗಡೆ" ಅಂದರೆ "ಬೆಳಗ್ಗೆ ಬಲಗಡೆ ಒತ್ಕೊತಾ ಇದ್ಯಲ್ಲ?" ಮದುವೆಯಾಗಿ ಇಷ್ಟು ವರ್ಷವಾದರೂ ಈ ಮನೆಯಲ್ಲಿ ನಾನು ಹೇಳಿದ ಒಂದು ಮಾತೂ ಜಗ್ಗಿಸಿಕೊಳ್ಳದೆ ಪಾರಾಗಿಲ್ಲ. ಗಂಡ ದೂರದ ಊರುಗಳಿಗೆ ಲಾರಿ ಓಡಿಸುತ್ತಾರೆ, ಹೋದರೆ ವಾರಗಟ್ಟಲೆ ಬರುವುದಿಲ್ಲ. ಒಳ್ಳೆಯ ಮನುಷ್ಯ, ಆದರೆ ಕಿವಿ ಹಿತ್ತಾಳೆ. ಅಮ್ಮ ಹೇಳಿದ್ದೇ ವೇದವಾಕ್ಯ. ಮನೆಯಲ್ಲಿ ಉಳಿಯುವವರು ನಾವಿಬ್ಬರೇ, ಒಬ್ಬರು ಜಗ್ಗುವವರು, ಇನ್ನೊಬ್ಬಳು ಜಗ್ಗಿಸಿಕೊಳ್ಳುವವಳು.

ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಗೆ ಒಬ್ಬಾಕೆ ಬಂದು ಕೈಗೆ ಸುತ್ತುವ ಅಂಟುಪಟ್ಟಿಯನ್ನು ಕಟ್ಟುಗಟ್ಟಲೆ ಕೊಂಡು ಹೋಗುತ್ತಿದ್ದರು. ಇಷ್ಟು ಗಾಯ ಯಾರಿಗೆ ಆಗುತ್ತದೆ ಎಂದು ನನಗೇ ಅನುಮಾನ ಬಂತು. ಅತ್ತೆಯ ಗಾಳಿ ಸ್ವಲ್ಪ ನನಗೂ ತಾಗಿದೆ. ಕೇಳಿಯೇ ಬಿಟ್ಟೆ.

"ಟ್ರಪೀಜ್ ಹೇಳ್ಕೊಡ್ತೀನಿ," ಅಂದರು. "ಸರ್ಕಸ್ಸಲ್ಲಿ ಮೇಲೆ ತೂಗಾಡ್ತಾ ಒಂದು ಉಯ್ಯಾಲೆಯಿಂದ ಇನ್ನೊಂದಕ್ಕೆ ಹಾರ್ತಾರಲ್ಲ, ಅದೇ. ದೊಡ್ಡೋರಿಗೂ ಕ್ಲಾಸ್ ಇದೆ, ಬನ್ನಿ."

ನನಗೆ ವಯಸ್ಸು ನಲವತ್ತರ ಹತ್ತಿರ. ಏಣಿ ಹತ್ತಿ ಬಲ್ಬು ಬದಲಾಯಿಸಲೂ ಪಕ್ಕದ ಮನೆಯವರನ್ನು ಕರೆಯುವವಳು. ಆದರೂ ಹೋದೆ. ಮನೆಯಲ್ಲಿ ಮಾತ್ರ ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ದಾಸ್ತಾನು ಎಣಿಸುವ ಕೆಲಸ ಎಂದು ಹೇಳಿದೆ. ಯಾಕೆ ಸುಳ್ಳು ಹೇಳಿದೆ ಎಂದರೆ, ಯಾರೂ ಜಗ್ಗಿ ನೋಡದ ಒಂದೇ ಒಂದು ವಸ್ತು ನನ್ನದಾಗಿರಲಿ ಎಂಬ ಆಸೆ.

ಅದು ಹಳೆಯ ಗೋದಾಮು, ಚಾವಣಿ ತುಂಬ ಎತ್ತರ. ಏಣಿಯ ತುದಿಯಲ್ಲಿ ಇಬ್ಬರು ಮೂವರು ನಿಲ್ಲುವಷ್ಟು ಹಲಗೆ, ಕೆಳಗೆ ಅಗಲವಾದ ಬಲೆ. ಸೊಂಟಕ್ಕೆ ಬೆಲ್ಟು ಕಟ್ಟಿ ಎರಡು ಕಡೆ ಹಗ್ಗ ಸಿಕ್ಕಿಸುತ್ತಾರೆ. ಹಲಗೆಯ ಅಂಚಿಗೆ ಬೆರಳು ತಾಗಿಸಿ ನಿಂತು, ಮೈಯನ್ನು ಪೂರ್ತಿ ಹೊರಗೆ ಬಾಗಿಸಿ ಉಯ್ಯಾಲೆಯ ಕೋಲನ್ನು ಎರಡು ಕೈಯಲ್ಲೂ ಹಿಡಿಯಬೇಕು. ಆಗ ಬೀಳದಂತೆ ತಡೆಯುವುದು ಹಿಂದೆ ನಿಂತು ಬೆಲ್ಟು ಹಿಡಿದವರ ಕೈ ಒಂದೇ. ನಮ್ಮ ಅಂಗಡಿಗೆ ಬರುತ್ತಿದ್ದ ಆ ಮೇಡಂ "ಹೋಗಿ" ಅಂದಾಗ ಹಾರಬೇಕು. ತೂಗುತ್ತಾ ಮಂಡಿಯನ್ನು ಕೋಲಿಗೆ ಸಿಕ್ಕಿಸಿ, ತಲೆಕೆಳಗಾಗಿ ಎರಡು ಕೈಯನ್ನೂ ಚಾಚಬೇಕು. ಎದುರಿನ ಉಯ್ಯಾಲೆಯಲ್ಲಿ ಇನ್ನೊಬ್ಬರು ತಲೆಕೆಳಗಾಗಿ ತೂಗುತ್ತಾ ಬಂದು ಮಣಿಕಟ್ಟು ಹಿಡಿಯುತ್ತಾರೆ. ಹಾಗೆ ಹಿಡಿಯುವವರು ವಾರವಿಡೀ ಬಾಗಿಲು ಕಿಟಕಿ ಮಾಡುವ ಬಡಗಿ. ಅವರ ಕೈ ಉಪ್ಪುಕಾಗದದಂತೆ ಒರಟು.

"ನೀವು ಹಿಡೀಬೇಡಿ," ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. "ಕೈ ಕೊಡಿ, ಅಷ್ಟೇ. ಅವರು ಹಿಡೀತಾರೆ. ಇಬ್ಬರೂ ಹಿಡಿಯೋಕೆ ಹೋದ್ರೆ ಬೆರಳು ಸಿಕ್ಕಾಕೊಂಡು ಇಬ್ಬರದ್ದೂ ತಪ್ಪುತ್ತೆ."

ನನ್ನ ಅಂಗೈ ಕೆಂಪಾಯಿತು, ಮಂಡಿಯ ಹಿಂದೆ ನೀಲಿಗಟ್ಟಿತು. ಜಾರದಿರಲೆಂದು ಕೈಗೆ ಹಚ್ಚುವ ಬಿಳಿ ಪುಡಿ ಎಷ್ಟು ಒದರಿದರೂ ಬಟ್ಟೆಯಲ್ಲಿ ಉಳಿಯುತ್ತಿತ್ತು. ಪಾತ್ರೆ ತೊಳೆಯುತ್ತಾ ನಗುತ್ತಿದ್ದೆನಂತೆ, ಅದು ನನಗೇ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು.

"ಕೆಲವರು ಔಷಧಿ ಎಣಿಸೋಕೆ ಹೋಗಿ ಹಿಟ್ಟು ಎಣಿಸಿ ಬರ್ತಾರೆ," ಎಂದರು ಒಂದು ಸಂಜೆ, ಗೋಡೆಗೆ ಹೇಳುವಂತೆ.

ನಾನು ಥಟ್ಟನೆ ಹೆಗಲು ಕೊಡವಿಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನೇ. ಅತ್ತೆ ಮತ್ತೇನೂ ಕೇಳಲಿಲ್ಲ. ಅವರು ಕೇಳದಿದ್ದಾಗಲೇ ಹೆಚ್ಚು ಭಯ. ಅದೇ ವಾರದಿಂದ ಫೋನಿನಲ್ಲಿ ಗಂಡನ ಮಾತೂ ಬದಲಾಯಿತು. "ಊಟ ಆಯ್ತಾ, ಎಲ್ಲಿದೀಯ, ಸರಿ" ಇಷ್ಟೇ. "ಎಲ್ಲಿದೀಯ" ಎಂಬುದು ಹೊಸದಾಗಿ ಸೇರಿಕೊಂಡಿತ್ತು.

ಮುಂದಿನ ಶನಿವಾರ ನಾನು ಮೊದಲ ಬಾರಿ ಬಡಗಿಯ ಕೈಗೆ ಸಿಕ್ಕಿದೆ. ಗಾಳಿಯಲ್ಲಿ ನನ್ನ ಮಣಿಕಟ್ಟು ಅವರ ಮುಷ್ಟಿಯಲ್ಲಿ ಗಟ್ಟಿಯಾಗಿ ನಿಂತಾಗ ನಾನು ಸಂತೋಷಕ್ಕೆ ಕಿರುಚಿದೆ. ಹಾಗೆ ತೂಗುತ್ತಾ ಕೆಳಗೆ ನೋಡುತ್ತೇನೆ, ಗೋದಾಮಿನ ಬಾಗಿಲಲ್ಲಿ ಕತ್ತರಿ ಕೊರಳಿಗೆ ಹಾಕಿಕೊಂಡು ಅತ್ತೆ ನಿಂತಿದ್ದಾರೆ.

ಇಳಿದ ಕೂಡಲೇ ನನ್ನನ್ನು ಮನೆಗೆ ಕರೆತಂದರು. ಚಪ್ಪಲಿ ಬಿಟ್ಟ ಮೇಲೆ ವಿಚಾರಣೆ ಶುರುವಾಯಿತು.

"ಆ ಗಂಡಸಿನ ಕೈ ಯಾಕೆ ಹಿಡ್ಕೊಂಡೆ?"

"ನಾನು ಹಿಡೀಲಿಲ್ಲ ಅತ್ತೆ. ಅವರೇ ಹಿಡಿದ್ರು."

ನಿಜವನ್ನೇ ಹೇಳಿದ್ದೆ. ಹೇಳಿದ ಮೇಲೆ ಅದು ಕಿವಿಗೆ ಹೇಗೆ ಬೀಳುತ್ತದೆಂದು ತಿಳಿಯಿತು. "ಅಂದ್ರೆ, ಅಲ್ಲಿ ನಿಯಮ ಹಾಗಿದೆ. ನಾವು ಹಿಡಿಯೋ ಹಾಗಿಲ್ಲ, ಕೈ ಕೊಡಬೇಕು ಅಷ್ಟೇ," ಎಂದು ತಿದ್ದಲು ಹೋಗಿ ಇನ್ನೂ ಕೆಡಿಸಿದೆ.

"ಚೆನ್ನಾಗಿದೆ ನಿಯಮ," ಅಂದರು ಅತ್ತೆ. "ನೋಡು, ಶನಿವಾರದ ವಿಷಯ ನಿನ್ನ ಗಂಡನ ಕಿವಿಗೆ ಹಾಕಿದೀನಿ. ಪೂರ್ತಿ ಹೇಳಿಲ್ಲ. ಗೊತ್ತಾದ ಮೇಲೆ ಹೇಳ್ತೀನಿ ಅಂದಿದೀನಿ."

"ಈಗ ಕಣ್ಣಾರೆ ನೋಡಿದ್ರಲ್ಲ?"

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಮುಂದಿನ ವಾರ ನಾನೂ ಸೇರ್ತೀನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾರ್ಖಾನೆಯಿಂದ ನಿವೃತ್ತಿಗೆ ಸ್ವಲ್ಪವೇ ಉಳಿದಿರುವ ಹೆಂಗಸು ಸೊಸೆಯ ಮೇಲೆ ಕಣ್ಣಿಡಲು ಉಯ್ಯಾಲೆ ಕಲಿಯುತ್ತಾರಂತೆ! ಆದರೆ ಇದು ನಗುವ ಮಾತಾಗಿರಲಿಲ್ಲ. ಇವರು ಫೋನಿನಲ್ಲಿ ಒಂದು ವಾಕ್ಯ ಹೇಳಿದರೆ ಮುಗಿಯಿತು, ನನ್ನ ಸಂಸಾರದ ಹೊಲಿಗೆ ಅಲ್ಲಿಂದಲೇ ಬಿಡುತ್ತದೆ.

ಹೇಳಿದಂತೆ ಬಂದರು. ಬಲೆಯ ಕಂಬ ಅಲ್ಲಾಡಿಸಿದರು. ಮೇಡಂ ಎಲ್ಲಿ ಕಲಿತರು, ಬೀಳದೆ ಇದ್ದರೆ ಮಣಿಕಟ್ಟಿನಲ್ಲಿ ಗಾಯದ ಗುರುತು ಯಾಕಿದೆ ಎಂದು ಕೇಳಿದರು. ಬಡಗಿಯನ್ನು ಪಕ್ಕಕ್ಕೆ ಕರೆದು ಮನೆಯಲ್ಲಿ ಯಾರ್ಯಾರಿದ್ದಾರೆ, ಹೆಂಡತಿ ಇದಕ್ಕೆ ಏನೂ ಅನ್ನುವುದಿಲ್ಲವೇ ಎಂದು ವಿಚಾರಿಸಿದರು. ಆತ ಪಾಪ, "ಮೇಡಂ ನನ್ನ ಹೆಂಡತೀನೇ ಅಮ್ಮ," ಅಂದರು. ಅತ್ತೆ ಆ ಉತ್ತರವನ್ನೂ ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು.

ನಾವೆಲ್ಲ ಮೈ ಸಡಿಲ ಮಾಡಿಕೊಳ್ಳುತ್ತಿದ್ದಾಗ ಅತ್ತೆ ಬೆಂಚಿನ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದರು. ಮೇಡಂ ಬೆಲ್ಟು ತರಲು ಹೋದವರು ಅಲ್ಲೇ ನಿಂತುಬಿಟ್ಟರು. ಅತ್ತೆಯ ತೊಡೆಯ ಮೇಲೆ ಬೆಲ್ಟು ಬಾಯಿ ತೆರೆದುಕೊಂಡಿತ್ತು. ಕತ್ತರಿಯಿಂದ ಹೊಲಿಗೆ ನೀಟಾಗಿ ಬಿಚ್ಚಿದ್ದರು.

"ಗಟ್ಟಿ ಇದೆ," ಎಂದರು ಅತ್ತೆ, ಮೆಚ್ಚಿಕೊಂಡು. "ಮೂರು ಸಾಲು ಹಾಕಿದಾರೆ. ಒಳಗೂ ಮೋಸ ಇಲ್ಲ."

"ಇನ್ನೊಂದು ಬೆಲ್ಟ್ ಎಲ್ಲಿ?" ಎಂದರು ಮೇಡಂ.

"ಇಲ್ಲೇ ಇದೆ. ಅದೂ ಗಟ್ಟಿ ಇದೆ."

ಒಂದನ್ನು ಬಿಚ್ಚಿ ಸರಿ ಇದೆ ಎಂದು ಕಂಡ ಮೇಲೆ ಇನ್ನೊಂದರ ಮೇಲೆ ಅನುಮಾನ ಬರದೆ ಇರುತ್ತದೆಯೇ? ಗೋದಾಮಿನಲ್ಲಿದ್ದದ್ದು ಎರಡೇ ಬೆಲ್ಟು. ಬಿಚ್ಚಿದ ಬೆಲ್ಟು ಕಟ್ಟಿ ಯಾರನ್ನೂ ಮೇಲೆ ಕಳಿಸುವಂತಿಲ್ಲ. ನಾಲ್ಕು ಹೊಲಿಗೆ ಹಾಕಿ ಕೊಡುತ್ತೇನೆ ಎಂದು ಅತ್ತೆ ಎದ್ದರು, ಮೇಡಂ ಕೈಮುಗಿದು ಬೇಡ ಎಂದರು. ಹೊಸ ಬೆಲ್ಟು ತರಿಸಬೇಕು. ಆ ದಿನ ಯಾರೂ ಹಾರಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಾ ಬಟ್ಟೆ ಬದಲಾಯಿಸಿಕೊಂಡು ಹೋದರು.

ಬೀದಿಗೆ ಬಂದದ್ದೇ ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ನನ್ನ ಮೇಲೆ ಅನುಮಾನ ಇದ್ರೆ ನನ್ನ ಬಿಚ್ಚಿ ನೋಡಿ! ಆ ಬೆಲ್ಟ್ ಏನು ಮಾಡಿತ್ತು ನಿಮಗೆ?"

"ಯಾಕೆ ಕೂಗ್ತೀಯ? ನಿನ್ನ ಮೇಲಿನ ಅನುಮಾನ ಬೇರೆ, ಬೆಲ್ಟಿನ ಮೇಲಿನ ಅನುಮಾನ ಬೇರೆ. ಮೊದಲು ಯಾರಿಗೆ ಕಟ್ತೀರ ಅಂತ ಕೇಳ್ದೆ. ನಿಮ್ಮ ಸೊಸೆಗೆ ಅಂದ್ರು." ಅತ್ತೆ ಚೀಲವನ್ನು ಹೆಗಲಿಂದ ಹೆಗಲಿಗೆ ಬದಲಾಯಿಸಿಕೊಂಡರು. "ನೋಡದೆ ಹೇಗೆ ಬಿಡ್ಲಿ?"

ನನ್ನ ಸಿಟ್ಟಿಗೆ ಕಾಲೂರಲು ಜಾಗವಿಲ್ಲದಂತಾಯಿತು. ಸ್ವಲ್ಪ ದೂರ ನಡೆದು ಕೇಳಿದೆ, "ಹಾಗಾದ್ರೆ ನನ್ನ ಮೇಲೆ ಅನುಮಾನ ಇನ್ನೂ ಇದೆಯಾ?"

"ಇದೆ," ಅಂದರು ಅತ್ತೆ. ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ.

ಮುಂದಿನ ಶನಿವಾರ ಹೊಸ ಬೆಲ್ಟು ಬಂದಿತ್ತು. ಮೇಡಂ ಅತ್ತೆಯ ಕೊರಳಿನ ಕತ್ತರಿ ಈಸಿಕೊಂಡು ತಮ್ಮ ಜೇಬಿಗೆ ಹಾಕಿಕೊಂಡ ಮೇಲೆಯೇ ಅದನ್ನು ಹೊರಗೆ ತೆಗೆದರು. ಅತ್ತೆ ಏಣಿಯ ಒಂದೊಂದು ಮೆಟ್ಟಿಲನ್ನೂ ಜಗ್ಗಿ ನೋಡಿಕೊಂಡು ಹತ್ತಿದರು. ಹಲಗೆಯ ಮೇಲೆ ಹೊಸಬರ ಬೆಲ್ಟು ಹಿಡಿಯುವುದು ಹಳಬರ ಸರದಿ. ಅವತ್ತಿನ ಸರದಿ ನನ್ನದು, ಪಕ್ಕದಲ್ಲಿ ಮೇಡಂ ಇದ್ದರು.

ಅತ್ತೆ ಒಂದು ಕೈಯಲ್ಲಿ ಕೋಲು ಹಿಡಿದರು. ಇನ್ನೊಂದು ಕೈ ಏಣಿಯ ಕಂಬವನ್ನು ಬಿಡಲೊಲ್ಲದು. ಕೆಳಗೆ ನೋಡಿದರು, ಬಲೆ ನೋಡಿದರು.

"ಹಿಂದೆ ಯಾರು ಹಿಡ್ಕೊಂಡಿರೋದು?"

"ನಾನು, ಅತ್ತೆ."

ಅವರು ತಿರುಗಲಿಲ್ಲ. ಬೇರೆಯವರನ್ನು ಕರೆಯಿರಿ ಎಂದು ಈಗ ಹೇಳುತ್ತಾರೆ ಎಂದುಕೊಂಡೆ. ಹೇಳಿದ್ದರೆ ನಾನು ಆ ಹಲಗೆಯ ಮೇಲೆಯೇ ಅಳುತ್ತಿದ್ದೆ, ಅದು ಖಂಡಿತ. ಅವರ ಬೆನ್ನು ನಡುಗುತ್ತಿದ್ದುದು ಬೆಲ್ಟಿನ ಮೂಲಕ ನನ್ನ ಬೆರಳಿಗೆ ತಿಳಿಯುತ್ತಿತ್ತು. ಯಾವುದಕ್ಕೂ ಹೆದರದೆ ಜಗ್ಗುವ ಹೆಂಗಸು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನೀನು ಬಿಟ್ರೆ?"

"ಬಿಡಲ್ಲ."

ಆಗ ಅತ್ತೆ ಮಾಡಬಾರದ ಕೆಲಸ ಮಾಡಿದರು. ಹೇಳದೆ ಕೇಳದೆ, ಮೈಭಾರವನ್ನೆಲ್ಲ ಒಮ್ಮೆಲೇ ಮುಂದಕ್ಕೆ ಎಸೆದು ನನ್ನ ಕೈಯನ್ನು ಜಗ್ಗಿದರು. ಹೊಲಿಗೆ ಜಗ್ಗುವಂತೆಯೇ. ನನ್ನ ಪಾದ ಹಲಗೆಯ ಮೇಲೆ ಜಾರಿತು, ಹೆಬ್ಬೆರಳಿನ ಉಗುರು ಬೆಲ್ಟಿಗೆ ಸಿಕ್ಕಿ ಹರಿಯಿತು. ಮೇಡಂ ಕೈ ಚಾಚುವಷ್ಟರಲ್ಲಿ ನಾನು ಹಿಂದಕ್ಕೆ ವಾಲಿ ಕಾಲೂರಿದ್ದೆ. ಕೈ ಮಾತ್ರ ಬಿಡಲಿಲ್ಲ.

ಅತ್ತೆ ಕ್ಷಣ ಹೊತ್ತು ಹಾಗೆಯೇ ಗಾಳಿಗೆ ಬಾಗಿ ನಿಂತರು. ಆಮೇಲೆ ಕಂಬ ಬಿಟ್ಟು ಎರಡನೆಯ ಕೈಯನ್ನೂ ಕೋಲಿಗೆ ಹಾಕಿದರು.

"ಹೋಗಿ" ಅಂದಾಗ ಹೋದರು. ಬಿಡಿ ಎಂದಾಗ ಬಿಡಲಿಲ್ಲ. ಒಗೆದು ಹರವಿದ ಬಟ್ಟೆಯಂತೆ ಆ ಕಡೆ ಈ ಕಡೆ ತೂಗಿದರು, ಯಾರನ್ನೋ ಬಯ್ದರು, ಕೊನೆಗೆ ಕೈ ಸೋತು ಬಲೆಗೆ ಬಿದ್ದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ! ಬಲೆಯಲ್ಲಿ ಅಂಗಾತ ಮಲಗಿಯೇ, "ಬಲೆ ಪರವಾಗಿಲ್ಲ," ಎಂದು ತೀರ್ಪು ಕೊಟ್ಟರು.

ಸಂಜೆ ಗಂಡನ ಫೋನು ಬಂತು, ನನಗಲ್ಲ, ಅತ್ತೆಗೆ. ಫೋನನ್ನು ಕಿವಿಗೆ ಒತ್ತಿಕೊಂಡರೆ ಅದು ಏನಾದರೂ ಮಾಡೀತು ಎಂಬ ಅನುಮಾನಕ್ಕೆ ಅವರು ಅದನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿಯೇ ಮಾತಾಡುವುದು. ನಾನು ಉಗುರಿಗೆ ಪಟ್ಟಿ ಸುತ್ತುತ್ತಾ ಅಲ್ಲೇ ಕೂತಿದ್ದೆ.

"ಅಮ್ಮ, ಶನಿವಾರದ್ದು ಏನಾಯ್ತು?" ಗಂಡನ ದನಿ ಒಣಗಿತ್ತು. "ಗೊತ್ತಾದ ಮೇಲೆ ಹೇಳ್ತೀನಿ ಅಂದಿದ್ಯಲ್ಲ."

"ಗೊತ್ತಾಯ್ತು."

"ಏನು? ನನ್ನ ಹತ್ರ ಏನೂ ಮುಚ್ಚಿಡಬೇಡ."

ಅತ್ತೆ ತಮ್ಮ ಕೆಂಪಾದ ಅಂಗೈಗಳನ್ನು ನೋಡಿಕೊಂಡರು. ನನ್ನ ಹೆಬ್ಬೆರಳನ್ನೂ ನೋಡಿದರು.

"ಜಗ್ಗಿ ನೋಡ್ದೆ. ತಡೀತು. ನನ್ನ ನಂಬರ್ ಹಾಕಿದೀನಿ," ಅಂದರು. "ಇನ್ಮೇಲೆ ಏನೇ ದೂರಿದ್ರೂ ನನ್ನ ಕೇಳು. ಅವಳನ್ನ ಕೇಳೋ ಹಾಗಿಲ್ಲ."

ಲಾರಿಯ ಸದ್ದಿನ ನಡುವೆ ಆ ಕಡೆಯಿಂದ "ಸರಿ ಅಮ್ಮ" ಎಂದು ಕೇಳಿತು. ಕಾರ್ಖಾನೆಯ ಚೆಕ್ಕರ್ ಮಗ, ನಂಬರು ಹಾಕುವುದೆಂದರೆ ಏನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋದರೆ ಪಟ್ಟಿ ಸುತ್ತಿದ ಹೆಬ್ಬೆರಳೇ ಕಣ್ಣಿಗೆ ತಾಗಿ ಇನ್ನಷ್ಟು ಉರಿಯಿತು.

"ತಗೋ, ಮಾತಾಡು," ಎಂದು ಅತ್ತೆ ಫೋನನ್ನು ನನ್ನ ಕಡೆ ತಳ್ಳಿದರು. ಎದ್ದು ಹೋಗಿ ಬಾಗಿಲ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಜಗ್ಗಿ ನೋಡಿದರು.